ಕಾಣದ ಚಿಹ್ನೆ, ಕೇಳುವ ನಾದ

ನಾಡಹಬ್ಬಕ್ಕೆಂದು ನಮ್ಮ ಸಂಘದವರು ಏರ್ಪಡಿಸಿದ್ದ ವೃಂದಗಾನಕ್ಕೆ ಎರಡು ಪಿಟೀಲುಗಳನ್ನು ಗೊತ್ತುಮಾಡಿದ್ದರು. ಪಿಟೀಲಿನವರು ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ನೋಡಿ ನುಡಿಸುವವರು. ಕಚೇರಿಯ ಕೆಲಸ ಮುಗಿಸಿ ರಾತ್ರಿ ಕುಳಿತು ಗಣಕಯಂತ್ರದಲ್ಲಿ ಆ ಹಾಳೆಗಳನ್ನು ಸಿದ್ಧಪಡಿಸುವ ಭಾರ ಈ ಲೇಖಕನ ಪಾಲಿಗೆ ಬಂತು. ಹಾಡುವವರು ಯಂತ್ರವು ನುಡಿಸಿ ತೋರಿಸಿದ್ದನ್ನು ಕೇಳಿ ಅಭ್ಯಾಸ ಮಾಡಿದರು. ಪಿಟೀಲಿನವರು ಅಚ್ಚಾದ ಹಾಳೆಯನ್ನು ಮನೆಗೊಯ್ದರು. ವೇದಿಕೆಯ ಮೇಲೆ, ಕೊನೆಯ ಎರಡು ಸಾಲುಗಳಲ್ಲಿ ಗಾಯಕರು ಗತಿಯನ್ನು ನಿಧಾನಗೊಳಿಸಿದರು. ಪಿಟೀಲುಗಳು ಮಾತ್ರ ಓಡಿಹೋಗಿ ಮುಂಚೆಯೇ ನಿಂತುವು! ಸಭಿಕರು ಉದಾರಿಗಳು, ಚಪ್ಪಾಳೆ ತಟ್ಟಿದರು.

ತಪ್ಪು ನನ್ನದೇ. ಗತಿಯನ್ನು ಕುಂದಿಸುವ ಚಿಹ್ನೆಗಳನ್ನು ನಾನು ಬರೆದಿದ್ದೆ; ಆದರೆ ಹಾಳೆ ಚೊಕ್ಕಟವಾಗಿ ಕಾಣಲೆಂದು ಅವನ್ನು ಮರೆಮಾಡಿದ್ದೆ. ಮರೆಯಾದ ಚಿಹ್ನೆ ಅಚ್ಚಿನಲ್ಲಿ ಬಾರದು. ಯಂತ್ರ ಮಾತ್ರ ಅದನ್ನು ತಪ್ಪದೆ ಪಾಲಿಸುತ್ತದೆ.

ಈ ಮರೆಮಾಡುವ ಸೌಕರ್ಯ ಸ್ವರಲಿಪಿಯ ತಂತ್ರಾಂಶಗಳಲ್ಲೆಲ್ಲ ಸಾಮಾನ್ಯ. 1993ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಸಿಬೆಲಿಯಸ್‌ನಲ್ಲಿಯೂ ಇದುಂಟು. ಜರ್ಮನಿಯ ವೆರ್ನರ್ ಶ್ವೇರ್ 2002ರಲ್ಲಿ ಆರಂಭಿಸಿದ, ಹಣವಿಲ್ಲದೆ ದೊರೆಯುವ ಮ್ಯೂಸ್‌ಸ್ಕೋರ್‌ನಲ್ಲಿ ಚಿಹ್ನೆಯೊಂದನ್ನು ಆರಿಸಿ 'ವಿ' ಅಕ್ಷರದ ಕೀಲಿಯನ್ನು ಒತ್ತಿದರೆ ಅದು ಮರೆಯಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಮರಳಿ ಬರುತ್ತದೆ. ಇದನ್ನು ಬಯಸುವುದಕ್ಕೆ ನ್ಯಾಯವಾದ ಕಾರಣಗಳಿವೆ. ಒಂದೇ ಪಂಚರೇಖೆಯಲ್ಲಿ ಎರಡು ಧ್ವನಿಗಳನ್ನು ಬರೆದಾಗ ವಿರಾಮಚಿಹ್ನೆಗಳು ಗುಂಪುಗೂಡಿ ಕಣ್ಣಿಗೆ ತೊಡಕಾಗುತ್ತವೆ. 2022ರ ಡಿಸೆಂಬರಿನಲ್ಲಿ ನಾಲ್ಕನೆಯ ಆವೃತ್ತಿ ಬರುವವರೆಗೆ, 'ರಿಟಾರ್ಡಾಂಡೋ' ಎಂದು ಬರೆದ ಮಾತ್ರಕ್ಕೆ ಈ ತಂತ್ರಾಂಶವು ಗತಿಯನ್ನು ತಗ್ಗಿಸುತ್ತಿರಲಿಲ್ಲ. ಆದುದರಿಂದ ಜನರು ಸಾಲುಸಾಲಾಗಿ ಗತಿಸಂಖ್ಯೆಗಳನ್ನಿಟ್ಟು ಮರೆಮಾಡುತ್ತಿದ್ದರು. ನಾನು ಕಲಿತದ್ದೂ ಆ ಹಳೆಯ ಪದ್ಧತಿಯನ್ನೇ.

ಇನ್ನು ತಿದ್ದುವಾಗಿನ ಮಾತು. 'ವ್ಯೂ' ಎಂಬ ಪಟ್ಟಿಯಲ್ಲಿ 'ಶೋ ಇನ್ವಿಸಿಬಲ್' ಎಂಬ ಆಯ್ಕೆಯಿದೆ. ಅದು ಜಾರಿಯಲ್ಲಿದ್ದರೆ ಮರೆಯಾದವುಗಳೆಲ್ಲ ತೆರೆಯ ಮೇಲೆ ಬೂದು ಬಣ್ಣದಲ್ಲಿ ಕಾಣುತ್ತವೆ, ಅಚ್ಚಿಗೆ ಮಾತ್ರ ಹೋಗುವುದಿಲ್ಲ. ಅದನ್ನು ತೆಗೆದುಹಾಕಿದರೆ ತೆರೆಯ ಮೇಲೂ ಮಾಯ. ಬಡಿಸಿದ ತಟ್ಟೆಯನ್ನು ಮಾತ್ರ ನೋಡಿ ಅಡುಗೆಮನೆಯ ಲೆಕ್ಕ ಬರೆದಂತಾಯಿತು ಆಗಿನ ನಮ್ಮ ಕೆಲಸ. ಹೋಟೆಲಿನ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರೆಯಲ್ಲಿದ್ದ ನಾದಬಲದ ಚಿಹ್ನೆಯೊಂದು, ನಕಲು ಮಾಡಿದ ಸಾಲಿನೊಡನೆ ಬೇರೆಡೆಗೆ ಸಾಗಿ, ಮೆಲ್ಲನೆ ಬರಬೇಕಾದ ಚರಣವನ್ನು ಗಟ್ಟಿಯಾಗಿ ನುಡಿಸಿಬಿಡುತ್ತದೆ. ಹುಡುಕಿದರೆ ಕಾರಣ ಕಾಣುವುದಿಲ್ಲ. ಹೀಗೆ ಒಂದು ಇಡೀ ಭಾನುವಾರ ನನಗೆ ನಷ್ಟವಾದದ್ದೂ ಉಂಟು.

ಮತ್ತೊಂದು ಸೂಕ್ಷ್ಮ: ಕಾಣದಿರುವುದು ಬೇರೆ, ಕೇಳದಿರುವುದು ಬೇರೆ. ಸ್ವರವೊಂದನ್ನು ಮರೆಮಾಡಿದರೂ ಯಂತ್ರ ಅದನ್ನು ನುಡಿಸಿಯೇ ತೀರುತ್ತದೆ. ನುಡಿಸಬೇಡವೆನ್ನಲು ಪ್ರತ್ಯೇಕ ಗುರುತನ್ನೇ ತೆಗೆಯಬೇಕು.

ಈ ವರ್ಷದ ಹಾಳೆಗಳನ್ನು ಬೂದು ಬಣ್ಣದ ಚಿಹ್ನೆಗಳೆಲ್ಲ ತೋರುತ್ತಿರುವಂತೆಯೇ ತಿದ್ದಿ ಮುಗಿಸಿದೆ. ಕೊನೆಯ ಎರಡು ಸಾಲುಗಳ ಮೇಲೆ 'ರಿಟಾರ್ಡಾಂಡೋ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಹಿರಿಯ ಪಿಟೀಲುವಾದಕರು ಹಾಳೆಯನ್ನು ದೀಪದ ಬೆಳಕಿಗೆ ಹಿಡಿದು, "ಇನ್ನೇನಾದರೂ ಬಚ್ಚಿಟ್ಟಿದ್ದೀರೋ ರಾಯರೇ?" ಎಂದು ಕೇಳಿದರು.