ಕೂಸು ಅತ್ತರೆ ತಾಯಿಯದೇ ತಪ್ಪೇ?

ಅಳುವ ಕಂದನನ್ನು ನಮ್ಮ ಜನಪದ ಹಾಡುಗಾರ್ತಿಯರು ಚೆಲುವೆಂದು ಹಾಡಿ ಹೊಗಳಿದರು. ಆದರೆ ರಾತ್ರಿ ಎರಡು ಗಂಟೆಯಲ್ಲಿ ಹಾಲು ಕುಡಿಸಿ, ಬಟ್ಟೆ ಬದಲಿಸಿ, ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ನೂರು ಸುತ್ತು ತಿರುಗಿದರೂ ಕೂಸು ಸುಮ್ಮನಾಗದಿದ್ದರೆ ಆ ಚೆಲುವು ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ಮನೆಯಲ್ಲಿ ಏಳುವ ಪ್ರಶ್ನೆಗಳೆಲ್ಲ ಬಾಣಂತಿಯ ಕಡೆಗೇ ತಿರುಗುತ್ತವೆ. 'ನಿನ್ನೆ ಏನಮ್ಮಾ ತಿಂದೆ?' 'ಹಾಲು ಸಾಲುತ್ತಿಲ್ಲವೇನೋ.' 'ಸಂಜೆ ಹೊತ್ತು ಬಾಗಿಲಲ್ಲಿ ಕೂರಬೇಡ ಅಂದಿರಲಿಲ್ಲವೇ?'

ಕೋಲಾರ ತಾಲ್ಲೂಕಿನ ಹೋಳೂರು ಸುತ್ತಿನ ಹಳ್ಳಿಗಳಲ್ಲಾಗಲಿ, ಆಚೆ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನ ಕಡೆಯಾಗಲಿ, ಚೊಚ್ಚಲ ಬಾಣಂತನ ಸಾಮಾನ್ಯವಾಗಿ ತವರಿನಲ್ಲೇ. ಹೆರಿಗೆ ಆಸ್ಪತ್ರೆಯಲ್ಲಾದರೂ ಆರೈಕೆ ಅಜ್ಜಿಯರದು. ಎಣ್ಣೆ ನೀರು, ತೊಲೆಗೆ ಸೀರೆ ಕಟ್ಟಿದ ಜೋಲಿ, ಕನ್ನಡ ತೆಲುಗು ಎರಡೂ ಬೆರೆತ ಜೋಗುಳ. ಇದರಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಅಳುವಿನ ಹೊಣೆಯನ್ನೆಲ್ಲ ತಾಯಿಯ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ.

ಅಳುವಿಗೂ ಒಂದು ಲೆಕ್ಕ

ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 80 ಕೂಸುಗಳ ತಾಯಂದಿರಿಂದ ದಿನಚರಿ ಬರೆಸಿ, 1962ರಲ್ಲಿ ಅದರ ಲೆಕ್ಕ ಪ್ರಕಟಿಸಿದರು. ಆರೋಗ್ಯವಾಗಿರುವ ಕೂಸು ಎರಡನೆಯ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳುತ್ತದೆ. ಆರನೆಯ ವಾರಕ್ಕೆ ಅದು ಎರಡೂಮುಕ್ಕಾಲು ಗಂಟೆಗೆ ಏರುತ್ತದೆ. ಹನ್ನೆರಡನೆಯ ವಾರದ ಹೊತ್ತಿಗೆ ಒಂದು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಅಳು ಹೆಚ್ಚಾಗಿ ಸಂಜೆಯ ಹೊತ್ತಿನಲ್ಲೇ.

ಸಂಜೆಯ ಅಳುವಿಗೆ ನಾವು ದೃಷ್ಟಿಯನ್ನು ದೂರುತ್ತೇವೆ. ಅದೇ ಹೊತ್ತಿನಲ್ಲಿ ಬೇರೆ ದೇಶದ ಕೂಸುಗಳೂ ಅಳುತ್ತವೆ ಎಂದರೆ ಕಾರಣ ನೆರೆಮನೆಯವರ ಕಣ್ಣಲ್ಲವಷ್ಟೆ! ಕೆಲವು ಕೂಸುಗಳು ದಿನಕ್ಕೆ ಮೂರು ಗಂಟೆಗೂ ಮೀರಿ ಅಳುತ್ತವೆ. ವೈದ್ಯರು ಇದನ್ನು 'ಕಾಲಿಕ್' ಎನ್ನುತ್ತಾರೆ. ಇದಕ್ಕೆ ಒಂದೇ ಕಾರಣವೆಂದು ಬೆರಳಿಟ್ಟು ತೋರಿಸಲು ಇಂದಿಗೂ ಆಗಿಲ್ಲ. ಇದು ಕೂಡ ಮೂರು ನಾಲ್ಕು ತಿಂಗಳಿಗೆ ಬಹುತೇಕ ತಾನಾಗಿಯೇ ಕಡಿಮೆಯಾಗುತ್ತದೆ.

ಸೀಸೆಯ ಮದ್ದು, ತೇಯುವ ಕಲ್ಲು

ತಾಯಿಯಿಂದ ಮಗಳಿಗೆ ಬಂದ ಗ್ರೈಪ್ ವಾಟರ್ ಅನೇಕ ಮನೆಗಳ ಗೂಡಿನಲ್ಲಿರುತ್ತದೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಅದನ್ನು ತಯಾರಿಸಿದಾಗ ಸಬ್ಬಸಿಗೆ ಎಣ್ಣೆ, ಸೋಡದ ಜತೆಗೆ ಮದ್ಯಸಾರವೂ ಇತ್ತು. ಮುಂದೆ ಮದ್ಯಸಾರವನ್ನು ಕೈಬಿಟ್ಟರು. ಅಳು ನಿಲ್ಲಿಸುತ್ತದೆ ಎನ್ನಲು ಗಟ್ಟಿ ಆಧಾರವಂತೂ ಇಲ್ಲ. ಬಜೆ ತೇಯ್ದು ನೆಕ್ಕಿಸುವುದು ಇನ್ನೊಂದು ರೂಢಿ. ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕ 1968ರಲ್ಲೇ ನಿಷೇಧಿಸಿತು. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಸಾಂಬ್ರಾಣಿ ಹೊಗೆ ಎಳೆಯ ಉಸಿರಿಗೆ ಹಿತವಲ್ಲ. ಬರೆ ಹಾಕುವುದಂತೂ ಬರಿಯ ಹಿಂಸೆ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕೂಸು ಚೆನ್ನಾಗಿ ಉಚ್ಚೆ ಹೊಯ್ಯುತ್ತ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅತ್ತಿತೆಂದು ಬಾಟಲಿಗೆ ಕೈ ಹಾಕಬೇಕಿಲ್ಲ.

ಹಾಗಾದರೆ ಮಾಡುವುದೇನು? ಹಸಿವೆಯೇ, ಒದ್ದೆ ಬಟ್ಟೆಯೇ, ಸೆಕೆಯೇ, ಚಳಿಯೇ ಎಂದು ಮೊದಲು ನೋಡಿ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಿ. ದೀಪ ತಗ್ಗಿಸಿ, ಗದ್ದಲ ಕಡಿಮೆ ಮಾಡಿ, ಮೈಗೆ ಮೈ ತಾಗುವಂತೆ ಎತ್ತಿಕೊಳ್ಳಿ. 'ಎತ್ತಿ ಎತ್ತಿ ಕೈರೂಢಿ ಆಗುತ್ತೆ' ಎಂದು ಹೆದರಬೇಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರನೆಯ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತವು. ಆಗಲೇ ವಿಪರೀತ ಅಳುತ್ತಿರುವ ಕೂಸಿಗೆ ಇದರಿಂದ ಅಷ್ಟು ಫಲ ಸಿಗದು ಎಂಬುದೂ ಅನಂತರ ಕಂಡುಬಂತು. ಏನು ಮಾಡಿದರೂ ನಿಲ್ಲದ ಅಳು ಇದೆ. ಅದು ಯಾರ ಸೋಲೂ ಅಲ್ಲ.

ಕೈ ಮೀರುವ ಕ್ಷಣ

ನಿದ್ದೆಯಿಲ್ಲದ ತಾಯಿಗೋ ತಂದೆಗೋ ಒಂದು ಕ್ಷಣ ಸಿಟ್ಟು ನೆತ್ತಿಗೇರಬಹುದು. ಹಾಗನಿಸುವುದು ಪಾಪವಲ್ಲ. ಆದರೆ ಆ ಸಿಟ್ಟಿನಲ್ಲಿ ಕೂಸನ್ನು ಜೋರಾಗಿ ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಕತ್ತು ನಿಲ್ಲದ ಕೂಸಿನ ತಲೆ ಅದನ್ನು ತಡೆಯದು. ಅಂಥ ಹೊತ್ತಿನಲ್ಲಿ ಕೂಸನ್ನು ಅಪಾಯವಿಲ್ಲದ ಕಡೆ ಅಂಗಾತ ಮಲಗಿಸಿ, ಹೊರಗೆ ಬಂದು ಐದು ಹತ್ತು ನಿಮಿಷ ಉಸಿರಾಡಿ. ಅಷ್ಟು ಹೊತ್ತು ಅತ್ತರೆ ಕೂಸಿಗೆ ಏನೂ ಆಗದು. ಇಲ್ಲವೇ ಇನ್ನೊಬ್ಬರನ್ನು ಎಬ್ಬಿಸಿ.

ಎಬ್ಬಿಸಲು ಇನ್ನೊಬ್ಬರಿರಬೇಕು, ಮಾತು ಇಲ್ಲಿಗೆ ಬರುತ್ತದೆ. ಈ ಜಿಲ್ಲೆಯ ರೇಷ್ಮೆ ಮನೆಗಳನ್ನೇ ನೋಡಿ. ಹುಳು ನಾಲ್ಕನೆಯ ಜ್ವರದಿಂದ ಎದ್ದು ಹಣ್ಣಾಗುವವರೆಗೆ ಸುಮಾರು ಒಂದು ವಾರ ಮನೆಮಂದಿಗೆ ನಿದ್ದೆ ಕಡಿಮೆ. ಒಬ್ಬರು ಸೊಪ್ಪು ತಂದರೆ ಇನ್ನೊಬ್ಬರು ಹಾಕುತ್ತಾರೆ, ರಾತ್ರಿ ಸರದಿಯಲ್ಲಿ ಏಳುತ್ತಾರೆ. ಅದೊಬ್ಬಳ ಕೆಲಸವೆಂದು ಯಾರೂ ಹೇಳುವುದಿಲ್ಲ. ಹುಳುವಿಗಿರುವ ಈ ಸರದಿ ಕೂಸಿಗೇಕಿಲ್ಲ? ಅಳು ತಾರಕಕ್ಕೇರುವ ಆರನೆಯ ವಾರದಲ್ಲಿ ಕೂಸಿನ ತಂದೆ ಬೆಂಗಳೂರಿನಲ್ಲೋ ನರಸಾಪುರದ ಕಾರ್ಖಾನೆಯ ಪಾಳಿಯಲ್ಲೋ ಇರುತ್ತಾನೆ. ಭಾನುವಾರ ಮಾವನ ಮನೆಗೆ ನೆಂಟನಂತೆ ಬಂದು, ಉಂಡು ಹೋಗುತ್ತಾನೆ. ಆ ಒಂದು ರಾತ್ರಿ ಹಾಲು ಕುಡಿಸುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ವಹಿಸಿಕೊಂಡರೆ ಬಾಣಂತಿಗೆ ಮೂರು ನಾಲ್ಕು ಗಂಟೆ ನಿದ್ದೆಯಾದೀತು.

ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಹಾಲು ಬಿಟ್ಟರೆ, ಮಂಕಾದರೆ, ಹಸಿರು ವಾಂತಿ ಮಾಡಿಕೊಂಡರೆ, ಏದುಸಿರು ಬಿಟ್ಟರೆ, ಫಿಟ್ಸ್ ಬಂದರೆ, ನೆತ್ತಿ ಉಬ್ಬಿದರೆ ತಡಮಾಡದೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಂಥ ಕಡೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಬಹುದು. ಆಶಾ ಕಾರ್ಯಕರ್ತೆಯರು ನವಜಾತ ಶಿಶುವನ್ನು ನೋಡಲು 42ನೆಯ ದಿನದವರೆಗೂ ಮನೆಗೆ ಬರುತ್ತಾರೆ. ಆ 42ನೆಯ ದಿನವೆಂದರೆ ಸರಿಯಾಗಿ ಆರು ವಾರ. ಅಂದು ಕೂಸಿನ ತೂಕದ ಜತೆಗೆ ತಾಯಿಯ ನಿದ್ದೆಯ ಮಾತನ್ನೂ ಆಡಿ. ಎರಡು ವಾರ ಮೀರಿದರೂ ಅವಳಿಗೆ ದುಃಖ ಒತ್ತರಿಸಿ ಬರುತ್ತಿದ್ದರೆ, ಯಾವುದೂ ಬೇಡವೆನಿಸುತ್ತಿದ್ದರೆ ವೈದ್ಯರಿಗೆ ತೋರಿಸಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು.

ಮುಂದಿನ ಸಲ ಬಾಣಂತಿಯ ಮನೆಗೆ ಹೋದಾಗ 'ಕೂಸು ಯಾಕಿಷ್ಟು ಅಳುತ್ತೆ?' ಎಂದು ಕೇಳುವ ಬದಲು ಕೈ ಚಾಚಿ, 'ಇಲ್ಲಿ ಕೊಡಮ್ಮ, ನೀನು ಸ್ವಲ್ಪ ಮಲಗು' ಎಂದು ನೋಡಿ. ಅಳು ನಿಲ್ಲದಿದ್ದರೂ ಅವಳಿಗೊಂದು ಆಸರೆ ಸಿಕ್ಕಿರುತ್ತದೆ.