ಮೊದಲು ಪರೀಕ್ಷೆ, ಆಮೇಲೆ ಬದಲಾವಣೆ: ಸರ್ವರಿನ ಸಂರಚನಾ ಕಡತಗಳನ್ನು ತಪಾಸಿಸುವ ಬಗೆ

ಜಾಲತಾಣದ ಪುಟವೊಂದು ಓದುಗರ ಪರದೆಯ ಮೇಲೆ ಮೂಡುವುದರ ಹಿಂದೆ ಸರ್ವರ್ ಎಂಬ ಗಣಕದ ಬಿಡುವಿಲ್ಲದ ಸೇವೆ ಇರುತ್ತದೆ. ಯಾವ ವಿಳಾಸಕ್ಕೆ ಬಂದ ಕೋರಿಕೆಗೆ ಯಾವ ಪುಟವನ್ನು ಕಳುಹಿಸಬೇಕು, ಗುಟ್ಟಿನ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರ ಎಲ್ಲಿದೆ, ಯಾವ ಪೋರ್ಟಿನಲ್ಲಿ ಕೋರಿಕೆಗಳಿಗೆ ಕಾಯಬೇಕು ಎಂಬ ವಿವರಗಳನ್ನೆಲ್ಲ ಸರ್ವರ್ ತಂತ್ರಾಂಶವು ಸಂರಚನಾ ಕಡತದಿಂದ, ಅಂದರೆ ಕಾನ್ಫಿಗರೇಶನ್ ಫೈಲ್ ಎಂದು ತಂತ್ರಜ್ಞರು ಕರೆಯುವ ಸರಳ ಪಠ್ಯದಿಂದ, ಓದಿಕೊಳ್ಳುತ್ತದೆ. ಒಂದೇ ಗಣಕದಲ್ಲಿ ನಡೆಯುವ ಹಲವು ಸೇವೆಗಳನ್ನು ಬೇರ್ಪಡಿಸುವ ಸಂಖ್ಯೆಗೆ ಪೋರ್ಟ್ ಎಂದು ಹೆಸರು; ಸಾಮಾನ್ಯ ಜಾಲಸಂಪರ್ಕಕ್ಕೆ 80, ಗೂಢಲಿಪಿಯ ಸಂಪರ್ಕಕ್ಕೆ 443 ರೂಢಿಯ ಸಂಖ್ಯೆಗಳು. ಈ ವಿವರಗಳು ತಂತ್ರಾಂಶದ ಒಡಲಿನಲ್ಲಿರದೆ ಹೊರಗಿನ ಕಡತದಲ್ಲಿರುವುದರಿಂದ, ತಂತ್ರಾಂಶವನ್ನು ಹೊಸದಾಗಿ ಕಟ್ಟದೆಯೇ ಅದರ ನಡತೆಯನ್ನು ಬದಲಿಸಬಹುದು. ಆದರೆ ಅದೇ ಕಾರಣದಿಂದ, ಬಿಟ್ಟುಹೋದ ಒಂದು ಅರ್ಧವಿರಾಮ ಚಿಹ್ನೆಯೂ ಇಡೀ ಸೇವೆಯನ್ನು ನಿಲ್ಲಿಸಬಲ್ಲದು. ಈ ಅಪಾಯವನ್ನು ತಡೆಯಲೆಂದೇ ಸರ್ವರ್ ತಂತ್ರಾಂಶಗಳ ಜೊತೆಗೆ ತಪಾಸಣೆಯ ಆದೇಶಗಳು ಬಂದಿವೆ. ಅವು ಏನನ್ನು ನೋಡುತ್ತವೆ, ಏನನ್ನು ನೋಡಲಾರವು ಎಂಬುದನ್ನು ಎಂಜಿನ್‌ಎಕ್ಸ್ ಎಂಬ ಪ್ರಸಿದ್ಧ ಜಾಲ ಸರ್ವರಿನ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು.

ರಷ್ಯಾದ ತಂತ್ರಜ್ಞ ಇಗೊರ್ ಸಿಸೊಯೆವ್ ಅವರು 2002ರಲ್ಲಿ ಬರೆಯಲು ತೊಡಗಿ 2004ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್, ಒಂದೇ ಗಣಕವು ಏಕಕಾಲದಲ್ಲಿ ಸಾವಿರಾರು ಸಂಪರ್ಕಗಳನ್ನು ಹೇಗೆ ನಿಭಾಯಿಸಬೇಕೆಂಬ ಅಂದಿನ ದೊಡ್ಡ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು. ಸಾವಿರಾರು ಜನ ಒಮ್ಮೆಗೇ ಬಳಸುತ್ತಿರುವ ಸೇವೆಯನ್ನು ಪ್ರತಿಯೊಂದು ಸಣ್ಣ ಬದಲಾವಣೆಗೂ ನಿಲ್ಲಿಸಿ ಮತ್ತೆ ಆರಂಭಿಸುವುದು ಸಾಧ್ಯವಿಲ್ಲದ ಮಾತಾದ್ದರಿಂದ, ಕಡತವನ್ನು ಪರೀಕ್ಷಿಸುವ ಮತ್ತು ಸೇವೆ ಕಡಿಯದಂತೆ ಅದನ್ನು ಜಾರಿಗೆ ತರುವ ಎರಡು ಸೌಲಭ್ಯಗಳೂ ಅದರಲ್ಲಿ ಸೇರಿಕೊಂಡಿವೆ.

ತಪಾಸಣೆಯ ಮೆಟ್ಟಿಲುಗಳು

ಕಮಾಂಡ್ ಲೈನಿನಲ್ಲಿ, ಅಂದರೆ ಆದೇಶಗಳನ್ನು ಅಕ್ಷರಗಳಲ್ಲಿ ಬರೆದು ಗಣಕಕ್ಕೆ ಒಪ್ಪಿಸುವ ಕಿಟಕಿಯಲ್ಲಿ, ‘ಎಂಜಿನ್‌ಎಕ್ಸ್ -ಟಿ’ ಎಂದು ಬರೆದರೆ ತಂತ್ರಾಂಶವು ಸೇವೆಯನ್ನು ಆರಂಭಿಸದೆ ಕಡತವನ್ನು ಮಾತ್ರ ಓದಿ ಪರೀಕ್ಷಿಸುತ್ತದೆ. ಈ ಪರೀಕ್ಷೆಗೆ ಹಲವು ಮೆಟ್ಟಿಲುಗಳಿವೆ. ಮೊದಲನೆಯದು ಪಠ್ಯವನ್ನು ಪದಗಳಾಗಿ ಒಡೆದು, ತೆರೆದ ಪುಷ್ಪಾವರಣಗಳೆಲ್ಲ ಮುಚ್ಚಿವೆಯೇ, ಪುಷ್ಪಾವರಣವಿಲ್ಲದ ಪ್ರತಿಯೊಂದು ನಿರ್ದೇಶನವೂ, ಅಂದರೆ ಕಡತದ ಸೂಚನೆಯೂ, ಅರ್ಧವಿರಾಮದಿಂದ ಕೊನೆಗೊಂಡಿದೆಯೇ ಎಂದು ನೋಡುವ ವಾಕ್ಯರಚನೆಯ ಪರೀಕ್ಷೆ. ಎರಡನೆಯದು ನಿರ್ದೇಶನದ ಹೆಸರು ತಂತ್ರಾಂಶಕ್ಕೆ ಗೊತ್ತಿರುವುದೇ, ಅದಕ್ಕೆ ಕೊಟ್ಟ ಮೌಲ್ಯಗಳ ಸಂಖ್ಯೆ ಸರಿಯಿದೆಯೇ ಎಂಬ ಪರೀಕ್ಷೆ. ಮೂರನೆಯದು ಆ ನಿರ್ದೇಶನವು ಇರಬೇಕಾದ ಜಾಗದಲ್ಲೇ ಇದೆಯೇ ಎಂಬುದು. ಒಂದು ತಾಣದ ವಿಭಾಗದೊಳಗೆ ಬರಬೇಕಾದ ನಿಯಮವು ಆ ವಿಭಾಗದ ಹೊರಗೆ ಬಂದಿದ್ದರೆ, ಅಕ್ಷರಗಳೆಲ್ಲ ಸರಿಯಾಗಿದ್ದರೂ ಪರೀಕ್ಷೆ ಅದನ್ನು ತಿರಸ್ಕರಿಸುತ್ತದೆ.

ನಾಲ್ಕನೆಯ ಮೆಟ್ಟಿಲು ಪಠ್ಯವನ್ನು ದಾಟಿ ಗಣಕದೊಳಕ್ಕೆ ಕಾಲಿಡುತ್ತದೆ. ಕಡತದಲ್ಲಿ ಹೆಸರಿಸಿದ ಪ್ರಮಾಣಪತ್ರ, ಅದರ ಖಾಸಗಿ ಕೀಲಿ ಮತ್ತು ದಾಖಲೆ ಕಡತಗಳನ್ನು ತಂತ್ರಾಂಶ ತೆರೆಯಲು ಯತ್ನಿಸುತ್ತದೆ. ಕೋರಿಕೆಗಳನ್ನು ಬೇರೊಂದು ಸರ್ವರಿಗೆ ದಾಟಿಸಬೇಕೆಂದು ನೇರವಾಗಿ ಅದರ ಹೆಸರನ್ನು ಬರೆದಿದ್ದರೆ ಆ ಹೆಸರಿನ ಜಾಲವಿಳಾಸವನ್ನೂ ಹುಡುಕುತ್ತದೆ. ಹೀಗಾಗಿ ಈ ಪರೀಕ್ಷೆಯ ಫಲಿತಾಂಶ ಕಡತವನ್ನಷ್ಟೇ ಅಲ್ಲ, ಪರೀಕ್ಷೆ ನಡೆದ ಗಣಕವನ್ನೂ ಗಳಿಗೆಯನ್ನೂ ಅವಲಂಬಿಸಿರುತ್ತದೆ. ನಿರ್ವಾಹಕರ ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರರು ಅದೇ ಆದೇಶ ಕೊಟ್ಟರೆ, ಖಾಸಗಿ ಕೀಲಿಯನ್ನು ತೆರೆಯಲು ಅನುಮತಿ ಇಲ್ಲದೆ ಸರಿಯಾದ ಕಡತವೂ ಅನುತ್ತೀರ್ಣವಾಗುತ್ತದೆ. ಹೆಸರುಗಳ ಜಾಲವಿಳಾಸ ಒದಗಿಸುವ ಸೇವೆ ಕೈಕೊಟ್ಟಿದ್ದರೆ ನಿನ್ನೆ ಒಪ್ಪಿಗೆಯಾದ ಕಡತವೇ ಇಂದು ದೋಷಪೂರಿತವೆನಿಸುತ್ತದೆ.

ದೋಷ ಕಂಡಾಗ ಎಂಜಿನ್‌ಎಕ್ಸ್ ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ, ಆದರೆ ಈ ಸಂಖ್ಯೆಯನ್ನು ಅರಿತು ಓದಬೇಕು. ಹನ್ನೊಂದನೆಯ ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟುಹೋಗಿದ್ದರೆ, ಹನ್ನೆರಡನೆಯ ಸಾಲಿನ ಪದಗಳನ್ನೂ ಹಿಂದಿನ ನಿರ್ದೇಶನದ ಮೌಲ್ಯಗಳೆಂದೇ ತಂತ್ರಾಂಶ ಓದಿಕೊಂಡು, ಮುಂದಿನ ಅರ್ಧವಿರಾಮ ಸಿಕ್ಕಾಗ ಮೌಲ್ಯಗಳ ಸಂಖ್ಯೆ ತಪ್ಪಾಗಿದೆಯೆಂದು ಹನ್ನೆರಡನೆಯ ಸಾಲನ್ನು ತೋರಿಸುತ್ತದೆ. ಸಂದೇಶವು ತಿಳಿಸುವುದು ತಪ್ಪು ಬಯಲಾದ ಜಾಗವನ್ನೇ ಹೊರತು ತಪ್ಪು ನಡೆದ ಜಾಗವನ್ನಲ್ಲ. ಆದ್ದರಿಂದ ಅನುಭವಿ ನಿರ್ವಾಹಕರು ಹೇಳಿದ ಸಾಲಿನ ಜೊತೆಗೆ ಅದರ ಮೇಲಿನ ಸಾಲನ್ನೂ ತಪ್ಪದೆ ನೋಡುತ್ತಾರೆ.

ಮನುಷ್ಯರು ಓದುವ ಈ ಸಂದೇಶದ ಜೊತೆಗೆ ಆದೇಶವು ಗಣಕಕ್ಕೆ ಒಂದು ಸಂಖ್ಯೆಯನ್ನೂ ಹಿಂದಿರುಗಿಸುತ್ತದೆ: ಸೊನ್ನೆ ಬಂದರೆ ಯಶಸ್ಸು, ಬೇರೆ ಯಾವ ಸಂಖ್ಯೆ ಬಂದರೂ ವೈಫಲ್ಯ. ನಿರ್ಗಮನ ಸಂಕೇತವೆಂಬ ಈ ಸಂಖ್ಯೆಯೇ ಸ್ವಯಂಚಾಲನೆಗೆ ಆಧಾರ. ತಪಾಸಣೆಯ ಆದೇಶವನ್ನೂ ಹೊಸ ಕಡತವನ್ನು ಜಾರಿಗೆ ತರುವ ಮರುಲೋಡಿನ ಆದೇಶವನ್ನೂ ‘&&’ ಚಿಹ್ನೆಯಿಂದ ಜೋಡಿಸಿ ಒಂದೇ ಸಾಲಿನಲ್ಲಿ ಬರೆದರೆ, ಮೊದಲನೆಯದು ಸೊನ್ನೆಯನ್ನು ಹಿಂದಿರುಗಿಸಿದಾಗ ಮಾತ್ರ ಎರಡನೆಯದು ನಡೆಯುತ್ತದೆ.

ಸೇವೆ ಕಡಿಯದ ಬದಲಾವಣೆ

ಎಂಜಿನ್‌ಎಕ್ಸ್ ನಡೆಯುವಾಗ ಅದರಲ್ಲಿ ಮಾಸ್ಟರ್ ಎಂಬ ಒಂದು ಮುಖ್ಯ ಪ್ರಕ್ರಿಯೆಯೂ, ಕೋರಿಕೆಗಳಿಗೆ ಉತ್ತರಿಸುವ ವರ್ಕರ್ ಎಂಬ ಹಲವು ಪ್ರಕ್ರಿಯೆಗಳೂ ಇರುತ್ತವೆ. ‘ಎಂಜಿನ್‌ಎಕ್ಸ್ -ಎಸ್ ರಿಲೋಡ್’ ಎಂಬ ಮರುಲೋಡಿನ ಆದೇಶವು ಮಾಸ್ಟರಿಗೆ ಒಂದು ಸಂಜ್ಞೆಯನ್ನು ಕಳುಹಿಸುತ್ತದೆ. ಸಂಜ್ಞೆ ತಲುಪಿದ ಮಾಸ್ಟರ್ ಹೊಸ ಕಡತವನ್ನು ತಾನೇ ಮತ್ತೊಮ್ಮೆ ಪರೀಕ್ಷಿಸಿ, ಬೇಕಾದ ದಾಖಲೆ ಕಡತಗಳನ್ನೂ ಪೋರ್ಟುಗಳನ್ನೂ ತೆರೆಯಲು ನೋಡುತ್ತದೆ. ಇದರಲ್ಲಿ ಎಲ್ಲಿ ಸೋತರೂ ಹೊಸದನ್ನು ಕೈಬಿಟ್ಟು ಹಳೆಯ ಸಂರಚನೆಯಲ್ಲೇ ಸೇವೆಯನ್ನು ಮುಂದುವರಿಸುತ್ತದೆ. ಗೆದ್ದರೆ ಹೊಸ ವರ್ಕರುಗಳನ್ನು ಹುಟ್ಟಿಸಿ, ಹಳೆಯ ವರ್ಕರುಗಳಿಗೆ ಕೆಲಸ ಮುಗಿಸಿ ಹೊರಡುವಂತೆ ತಿಳಿಸುತ್ತದೆ. ಹಳೆಯ ವರ್ಕರುಗಳು ಹೊಸ ಕೋರಿಕೆಗಳನ್ನು ಪಡೆಯುವುದನ್ನು ನಿಲ್ಲಿಸಿ, ಕೈಯಲ್ಲಿರುವ ಕೋರಿಕೆಗಳಿಗೆ ಉತ್ತರ ಕೊಟ್ಟು ಮುಗಿಸಿದ ಮೇಲೆಯೇ ಕೊನೆಗೊಳ್ಳುತ್ತವೆ. ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುತ್ತಿರುವವರ ಸಂಪರ್ಕವೂ ಇದರಿಂದ ಕಡಿಯುವುದಿಲ್ಲ. ಅಂಥ ದೀರ್ಘ ಸಂಪರ್ಕಗಳಿರುವಷ್ಟು ಕಾಲ ಹಳೆಯ ಮತ್ತು ಹೊಸ ಸಂರಚನೆಗಳೆರಡೂ ಜೊತೆಜೊತೆಯಾಗಿ ಜಾರಿಯಲ್ಲಿರುತ್ತವೆ. ಹೊಸದು ಗಟ್ಟಿಯಾಗಿ ನಿಲ್ಲುವವರೆಗೆ ಹಳೆಯದನ್ನು ಕೆಡವಬಾರದೆಂಬ ತತ್ತ್ವವೇ ಈ ವಿನ್ಯಾಸದ ತಿರುಳು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತಪಾಸಣೆಯ ಸಮಯದಲ್ಲಿ ಪೋರ್ಟೊಂದು ಈಗಾಗಲೇ ಬಳಕೆಯಲ್ಲಿದೆಯೆಂದು ಕಂಡರೆ ಎಂಜಿನ್‌ಎಕ್ಸ್ ಅದನ್ನು ದೋಷವೆಂದು ಎಣಿಸುವುದಿಲ್ಲ, ಏಕೆಂದರೆ ಆ ಪೋರ್ಟನ್ನು ಹಿಡಿದಿರುವುದು ಸಾಮಾನ್ಯವಾಗಿ ಆಗಲೇ ನಡೆಯುತ್ತಿರುವ ಎಂಜಿನ್‌ಎಕ್ಸೇ ಆಗಿರುತ್ತದೆ. ಆದರೆ ಹೊಸ ಕಡತದಲ್ಲಿ ಸೇರಿಸಿದ ಪೋರ್ಟನ್ನು ಬೇರೊಂದು ತಂತ್ರಾಂಶ ಹಿಡಿದಿದ್ದರೆ, ತಪಾಸಣೆ ಯಶಸ್ವಿಯಾಗಿ, ಮರುಲೋಡಿನ ಆದೇಶವೂ ಸದ್ದಿಲ್ಲದೆ ಮುಗಿದು, ಮಾಸ್ಟರ್ ಮಾತ್ರ ಆ ಪೋರ್ಟನ್ನು ತೆರೆಯಲಾಗದೆ ಹಳೆಯ ಸಂರಚನೆಗೆ ಮರಳಿರುತ್ತದೆ. ಸಂಜ್ಞೆ ಕಳುಹಿಸುವುದಷ್ಟೇ ಆದೇಶದ ಕೆಲಸವಾದ್ದರಿಂದ ಈ ಸೋಲು ಕಮಾಂಡ್ ಲೈನಿನಲ್ಲಿ ಕಾಣದೆ, ದೋಷಗಳ ದಾಖಲೆ ಕಡತದಲ್ಲಿ ಮಾತ್ರ ನಮೂದಾಗುತ್ತದೆ. ಮರುಲೋಡಿನ ನಂತರ ಆ ದಾಖಲೆಯನ್ನು ಓದಿ, ಬದಲಾವಣೆ ನಿಜವಾಗಿ ಜಾರಿಯಾಗಿದೆಯೇ ಎಂದು ಕೋರಿಕೆಯೊಂದನ್ನು ಕಳುಹಿಸಿ ನೋಡುವವರೆಗೆ ಕೆಲಸ ಪೂರ್ತಿಯಾಯಿತೆಂದು ತಿಳಿಯುವಂತಿಲ್ಲ.

ಈ ಬಗೆಯ ತಪಾಸಣೆ ಎಂಜಿನ್‌ಎಕ್ಸಿಗೆ ಸೀಮಿತವಲ್ಲ. ಅಪಾಚೆ ಜಾಲ ಸರ್ವರಿಗೆ ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’, ಹೆಸರುಗಳ ಜಾಲವಿಳಾಸ ಒದಗಿಸುವ ಬೈಂಡ್ ಸರ್ವರಿಗೆ ‘ನೇಮ್ಡ್-ಚೆಕ್‌ಕಾನ್ಫ್’, ದೂರದ ಗಣಕದೊಳಕ್ಕೆ ಪ್ರವೇಶ ಕೊಡುವ ಸೇವೆಗೆ ‘ಎಸ್‌ಎಸ್‌ಎಚ್‌ಡಿ -ಟಿ’ ಎಂಬ ಆದೇಶಗಳಿವೆ. ಕೊನೆಯದು ವಿಶೇಷವಾಗಿ ಮುಖ್ಯ, ಏಕೆಂದರೆ ಆ ಸೇವೆಯ ಕಡತ ಕೆಟ್ಟ ಸ್ಥಿತಿಯಲ್ಲಿ ಸೇವೆಯನ್ನು ಮರಳಿ ಆರಂಭಿಸಹೊರಟರೆ, ತಪ್ಪನ್ನು ತಿದ್ದಲು ಒಳಗೆ ಹೋಗುವ ದಾರಿಯೇ ಮುಚ್ಚಿಹೋಗಬಹುದು. ನಿರ್ವಾಹಕರ ಅಧಿಕಾರಗಳನ್ನು ಹಂಚುವ ಕಡತಕ್ಕೆ ಇರುವ ‘ವಿಸುಡೊ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಳಿಸುವ ಹೊತ್ತಿನಲ್ಲೇ ಪಠ್ಯವನ್ನು ಪರೀಕ್ಷಿಸಿ, ದೋಷವಿದ್ದರೆ ತಿದ್ದುವಂತೆ ಎಚ್ಚರಿಸುತ್ತದೆ.

ವ್ಯಾಕರಣದ ಆಚೆಗಿನ ತಪ್ಪು

ಇಷ್ಟೆಲ್ಲ ಮೆಟ್ಟಿಲುಗಳನ್ನು ದಾಟಿದ ಕಡತವೂ ತಪ್ಪಾಗಿರಬಹುದು. ಮದುವೆಯ ಕರೆಯೋಲೆಯಲ್ಲಿ ಒಂದೂ ಕಾಗುಣಿತ ದೋಷವಿಲ್ಲದೆ ಮುಹೂರ್ತದ ದಿನಾಂಕವೇ ಬೇರೆಯಾಗಿ ಅಚ್ಚಾಗಿದ್ದರೆ ಅಕ್ಷರ ತಿದ್ದುವವರಿಗೆ ಅದು ತಿಳಿಯದಂತೆ, ಒಂದು ತಾಣದ ಕೋರಿಕೆಗಳನ್ನು ಇನ್ನೊಂದು ತಾಣದ ಕಡತಕೋಶಕ್ಕೆ ಕಳುಹಿಸುವ ಸಾಲಾಗಲಿ, ಗುಟ್ಟಾಗಿರಬೇಕಾದ ಪುಟವನ್ನು ಎಲ್ಲರಿಗೂ ತೆರೆದಿಡುವ ಸಾಲಾಗಲಿ ವಾಕ್ಯರಚನೆಯ ಪರೀಕ್ಷೆಗೆ ನಿರ್ದೋಷವಾಗಿಯೇ ಕಾಣುತ್ತದೆ. ಬರೆದದ್ದು ಸಾಧುವೇ ಎಂದು ಉಪಕರಣ ಹೇಳಬಲ್ಲದು. ಬರೆದದ್ದೇ ಉದ್ದೇಶಿಸಿದ್ದೇ ಎಂದು ಹೇಳಲಾರದು.

ತಪಾಸಣೆಯ ಉಪಕರಣವೂ ಮನುಷ್ಯರು ಬರೆದ ತಂತ್ರಾಂಶವೇ ಎಂಬುದು ಇನ್ನೊಂದು ಮಿತಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ನಿಂತುಹೋದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವುಗಳನ್ನು ನಡೆಸುವ ಸಂಸ್ಥೆಯ ದತ್ತಕೇಂದ್ರಗಳನ್ನು ಬೆಸೆಯುವ ಬೆನ್ನೆಲುಬಿನ ಜಾಲವನ್ನೇ ಕಡಿದಿತ್ತು. ಅಂಥ ಆದೇಶಗಳನ್ನು ತಡೆಯಬೇಕಿದ್ದ ತಪಾಸಣೆಯ ಉಪಕರಣದಲ್ಲೇ ದೋಷವಿತ್ತೆಂದು ಸಂಸ್ಥೆ ಆಮೇಲೆ ತಿಳಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ಸಣ್ಣ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಗಣಕಗಳು ಕುಸಿದುಬಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಆ ಕಡತ 21 ಮೌಲ್ಯಗಳನ್ನು ನಿರೀಕ್ಷಿಸುತ್ತಿದ್ದರೆ, ಗಣಕಗಳಲ್ಲಿದ್ದ ತಂತ್ರಾಂಶ ಒದಗಿಸುತ್ತಿದ್ದುದು 20 ಮಾತ್ರ. 21 ಸಿಗುತ್ತವೆಯೆಂದೇ ನಂಬಿದ್ದ ತಪಾಸಣೆಯ ಉಪಕರಣ ಕಡತಕ್ಕೆ ಒಪ್ಪಿಗೆ ಕೊಟ್ಟಿತ್ತು. ಅದನ್ನು ಮೊದಲು ಕೆಲವೇ ಗಣಕಗಳಿಗೆ ಕಳುಹಿಸಿ, ಪರಿಣಾಮ ನೋಡಿ ಮುಂದುವರಿದಿದ್ದರೆ ಹಾನಿ ಅಲ್ಲಿಗೇ ನಿಲ್ಲುತ್ತಿತ್ತು. ಮುಂದೆ ಆ ಸಂಸ್ಥೆಯೂ ಇದೇ ಹಂತಹಂತದ ಕ್ರಮವನ್ನು ಅಳವಡಿಸಿಕೊಂಡಿತು.

ಈ ಘಟನೆಗಳು ತಪಾಸಣೆ ನಿಷ್ಪ್ರಯೋಜಕವೆಂದು ಹೇಳುವುದಿಲ್ಲ. ಅದು ಮೊದಲನೆಯ ಬೇಲಿಯೇ ಹೊರತು ಕೊನೆಯದಲ್ಲವೆಂದು ಹೇಳುತ್ತವೆ. ಪ್ರತಿಯೊಂದು ಬದಲಾವಣೆಯ ಇತಿಹಾಸವನ್ನೂ ಗಿಟ್‌ನಂಥ ವ್ಯವಸ್ಥೆಯಲ್ಲಿ ಕಾಪಿಡುವುದು, ಇನ್ನೊಬ್ಬರ ಕಣ್ಣಿನಿಂದ ಅದನ್ನು ಓದಿಸುವುದು, ಕೆಲವೇ ಗಣಕಗಳಲ್ಲಿ ಮೊದಲು ಜಾರಿಗೆ ತರುವುದು ಮತ್ತು ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನು ಮುಂಚೆಯೇ ಸಿದ್ಧವಾಗಿಟ್ಟುಕೊಳ್ಳುವುದು ಉಳಿದ ಬೇಲಿಗಳು. ಬ್ಯಾಂಕು, ಆಸ್ಪತ್ರೆ, ಪಡಿತರ ಅಂಗಡಿ, ಭೂದಾಖಲೆಗಳೆಲ್ಲ ಸರ್ವರುಗಳನ್ನೇ ನೆಚ್ಚಿರುವ ಈ ಕಾಲದಲ್ಲಿ, ಕಡತದ ಒಂದು ಸಾಲನ್ನು ತಿದ್ದುವವರ ಕೈಯಲ್ಲಿ ಲಕ್ಷಾಂತರ ಜನರ ದಿನನಿತ್ಯದ ಬದುಕಿದೆ. ಕೆಲವೇ ಕ್ಷಣಗಳಲ್ಲಿ ಮುಗಿಯುವ ತಪಾಸಣೆಯ ಆದೇಶವನ್ನು ಬದಲಾವಣೆ ಎಷ್ಟೇ ಚಿಕ್ಕದಿರಲಿ, ಅವಸರ ಎಷ್ಟೇ ಇರಲಿ, ಬಿಡದೆ ನಡೆಸುವುದನ್ನು ಸರ್ವರ್ ನಿರ್ವಹಣೆಯನ್ನು ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.