ಕಂಬಳಿಯಲ್ಲಿ ಸುತ್ತಿಟ್ಟ ಬಂದೂಕು

ಮಹಾಕವಿ ಹುಟ್ಟಿದ ಊರಿಗೆ ಹೋಗುವವರು ಸಾಮಾನ್ಯವಾಗಿ ಕಾವ್ಯದ ಜಾಡು ಹಿಡಿದು ಹೋಗುತ್ತಾರೆ. ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ ಅಂಥದೊಂದು ಊರು. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯ ಚಕ್ರವರ್ತಿಗಳ ಆಶ್ರಯಕ್ಕೇರಿದ ರನ್ನನ ಹೆಸರನ್ನು ಅದು ಇಂದಿಗೂ ತನ್ನ ಹೆಸರಿನ ಮುಂದೆ ಇಟ್ಟುಕೊಂಡಿದೆ. ನನಗಂತೂ ಅದು ಸೋದರಮಾವನ ಊರೂ ಹೌದು. ವರ್ಷವರ್ಷವೂ ತರಗತಿಯಲ್ಲಿ ‘ಗದಾಯುದ್ಧ’ದ ಪಾಠ ಹೇಳುವ ನನಗೆ, ಕಳೆದ ದೀಪಾವಳಿಯ ರಜೆಯಲ್ಲಿ ಅಲ್ಲಿ ಎದುರಾದ ಆಯುಧ ಮಾತ್ರ ಗದೆಯಲ್ಲ, ಒಂದು ಬಡಕಲು ಬಂದೂಕು.

ಊಟವಾದ ಮೇಲೆ ಮಾವ ಒಳಕೋಣೆಯ ಪೆಟ್ಟಿಗೆಯ ಬೀಗ ತೆಗೆದು, ಕರಿಯ ಕಂಬಳಿಯ ಗಂಟೊಂದನ್ನು ತಂದು ಜಗಲಿಯ ಮೇಲೆ ಬಿಚ್ಚಿದರು. “ನೀ ಕಲ್ತಾವ ಇದ್ದಿ, ಇದರ ನಂಬರ ಓದಿ ಹೇಳಪಾ” ಎಂದರು. ನಾನು ಕನ್ನಡಕವನ್ನು ಒರೆಸಿಕೊಂಡು ನೋಡಿದೆ. ಕಬ್ಬಿಣದ ಮೇಲೆ ಮೂರು ಅಂಕಿಗಳು ಕಂಡವು. ಮುಂದಿನ ಎರಡು ಇದ್ದುವೋ ಇಲ್ಲವೋ ಎಂಬಂತೆ ಮಸುಕಾಗಿದ್ದುವು. ಹಳಗನ್ನಡದ ಶಾಸನಗಳಲ್ಲಿ ಇಂಥ ಲುಪ್ತಾಕ್ಷರಗಳನ್ನು ಎಷ್ಟೋ ಕಂಡಿದ್ದೇನೆ. ಅಲ್ಲಿ ಊಹೆಗೆ ಎಡೆಯುಂಟು, ಇಲ್ಲಿ ಇಲ್ಲವೆಂಬುದು ಮಾವನ ಮುಖದಿಂದಲೇ ತಿಳಿಯಿತು.

ಸಂಗತಿ ಇಷ್ಟು. ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡ ಕೆಲವು ವರ್ಷಗಳ ತರುವಾಯ ನನ್ನ ಅಜ್ಜ ಕೊಂಡ ಬಂದೂಕು ಅದು. ಅಜ್ಜನ ಬಳಿಕ ಪರವಾನಗಿ ಮಾವನ ಹೆಸರಿಗೆ ಬಂದಿತು. ಮಾವನಿಗೆ ಈಗ 73 ವರ್ಷ. 2016ರ ಆಯುಧ ನಿಯಮಗಳ ಮೇರೆಗೆ, 70 ವರ್ಷ ತುಂಬಿದ ಅಥವಾ ಆಯುಧವನ್ನು 25 ವರ್ಷ ಇರಿಸಿಕೊಂಡ ಪರವಾನಗಿದಾರನು ತನ್ನ ಜೀವಿತಕಾಲದಲ್ಲಿಯೇ ಅದನ್ನು ವಾರಸುದಾರನಿಗೆ ವರ್ಗಾಯಿಸಲು ಅಡ್ಡಿಯಿಲ್ಲ. ವಾರಸುದಾರನು ಪರವಾನಗಿಗೆ ಅರ್ಜಿ ಹಾಕಬೇಕು. ಹೊಲ ನೋಡಿಕೊಳ್ಳುವ ಕಿರಿಯ ಮಗನ ಹೆಸರಿಗೆ ಮಾಡಿಸಬೇಕೆಂದು ಮಾವ ಹೊರಟಾಗ, ಪುಸ್ತಕದಲ್ಲಿಯ ಸಂಖ್ಯೆಗೂ ಬಂದೂಕಿನ ಮೇಲಣ ಸಂಖ್ಯೆಗೂ ತಾಳೆಯಾಗಬೇಕೆಂಬ ಮಾತು ಬಂದಿತ್ತು.

ತಾಳೆಯಾಗದಿದ್ದರೆ? 1959ರ ಆಯುಧ ಕಾಯಿದೆಯ ಎಂಟನೆಯ ಕಲಮು ಗುರುತು-ಸಂಖ್ಯೆಯಿಲ್ಲದ ಬಂದೂಕಿನ ವರ್ಗಾವಣೆಯನ್ನು ನಿಷೇಧಿಸುತ್ತದೆ. ಸಂಖ್ಯೆಯನ್ನು ಅಳಿಸುವುದಂತೂ ಅಪರಾಧ. ಎಪ್ಪತ್ತು ವರ್ಷ ಸಭ್ಯವಾಗಿ ಬಾಳಿದ ಮನೆತನವೊಂದು, ಎರಡು ಅಂಕಿಗಳ ಸಲುವಾಗಿ ಠಾಣೆಯ ಮೆಟ್ಟಿಲೇರಿ ಉತ್ತರ ಹೇಳಬೇಕಾದ ಪರಿಸ್ಥಿತಿ ಒದಗಿತ್ತು.

ಅಂಚಿನಲ್ಲಿ ಅಡಗಿದ ಕಿಡಿ

ಬಂದೂಕು ಎಂದೊಡನೆ ವಾಚಕರ ಕಣ್ಣ ಮುಂದೆ ಹುಲಿಯನ್ನು ಕೆಡಹುವ ಭಾರೀ ರೈಫಲ್ ಬರಬಾರದು. ಇದು ‘ಪಾಯಿಂಟ್ ಟೂ ಟೂ’. ನಳಿಗೆಯ ಬಾಯಿ 0.22 ಅಂಗುಲ, ಎಂದರೆ 5.6 ಮಿಲಿಮೀಟರು. ಒಂದು ಸಲಕ್ಕೆ ಒಂದೇ ತೋಟಾ. ಸೀಸದ ಗುಂಡಿನ ತೂಕ ಸುಮಾರು 40 ಗ್ರೇನ್. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಕಾಲು ತೊಲಕ್ಕೂ ಕಡಿಮೆ. ಹಾಗೆಂದು ಆಟಿಕೆಯೆಂದು ಬಗೆಯುವುದು ತಪ್ಪು. ಆ ಕಾಲು ತೊಲದ ಸೀಸ ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲದು.

ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದವರಿಗೆ ಈ ಜಾತಿಯ ಬಂದೂಕಿನ ಪರಿಚಯವಿರುತ್ತದೆ. 1948ರಲ್ಲಿ ಆರಂಭವಾದ ಆ ದಳದಲ್ಲಿ ಅದೆಷ್ಟೋ ತಲೆಮಾರಿನ ತರುಣ ತರುಣಿಯರು ನೆಲಕ್ಕೆ ಎದೆಯಿಟ್ಟು, 25 ಗಜ ದೂರದ ಕಾಗದಕ್ಕೆ ಗುರಿಯಿಟ್ಟಿದ್ದಾರೆ. ನಾನೂ ಇಟ್ಟಿದ್ದೆ. ನನ್ನ ಐದು ಗುಂಡುಗಳಲ್ಲಿ ಎರಡು ಪಕ್ಕದವನ ಕಾಗದದಲ್ಲಿ ಸಿಕ್ಕಿದುವು. ಉಳಿದ ಮೂರನ್ನು ಯಾರೂ ಹುಡುಕಲಿಲ್ಲ.

ಈ ಬಗೆಯ ತೋಟಾವನ್ನು ರಿಮ್‌ಫೈರ್ ಎನ್ನುತ್ತಾರೆ. ದೊಡ್ಡ ಬಂದೂಕುಗಳ ತೋಟಾದಲ್ಲಿ ಕಿಡಿಯ ಮದ್ದು ತಳದ ನಡುವಣ ಪುಟ್ಟ ಕೇಪಿನಲ್ಲಿರುತ್ತದೆ. ಇದರಲ್ಲಾದರೋ ಹಿತ್ತಾಳೆಯ ಕೊಳವೆಯ ತಳದಂಚನ್ನು ಮಡಿಸಿ, ಆ ಮಡಿಕೆಯ ಪೊಳ್ಳಿನೊಳಗೆ ಮದ್ದನ್ನು ತುಂಬಿರುತ್ತಾರೆ. ಕುದುರೆಯನ್ನೆಳೆದಾಗ ಮೊಳೆ ಬಂದು ಅಂಚನ್ನು ಜಜ್ಜುತ್ತದೆ, ಕಿಡಿ ಹುಟ್ಟುತ್ತದೆ. ಮೊಳೆಗೆ ಜಜ್ಜಿಹೋಗುವಷ್ಟು ತೆಳುವಾದ ಹಿತ್ತಾಳೆ ಬೇಕಾದುದರಿಂದ ಹೆಚ್ಚಿನ ಒತ್ತಡವನ್ನು ಅದು ತಾಳಲಾರದು. ಆದುದರಿಂದಲೇ ಈ ಬಂದೂಕು ಚಿಕ್ಕದಾಗಿ, ಅಗ್ಗವಾಗಿ ಉಳಿದುಕೊಂಡಿತು.

ಪ್ಯಾರಿಸಿನ ಫ್ಲೋಬರ್ಟ್ ಎಂಬಾತನು 1845ರಲ್ಲಿ, ಮನೆಯ ಪಡಸಾಲೆಯಲ್ಲಿ ಗುರಿಯಾಟವಾಡಲೆಂದು ಈ ಜಾತಿಯ ಮೊದಲ ತೋಟಾವನ್ನು ಮಾಡಿದನು. 1857ರಲ್ಲಿ ಅಮೆರಿಕದ ಸ್ಮಿತ್ ಮತ್ತು ವೆಸ್ಸನ್ ಎಂಬವರು ಅದನ್ನು ಸುಧಾರಿಸಿ ತಮ್ಮ ಪುಟ್ಟ ರಿವಾಲ್ವರಿಗೆ ಅಳವಡಿಸಿದರು. 1887ರಲ್ಲಿ ಸ್ಟೀವನ್ಸ್ ಕಂಪನಿಯು ಹೊರತಂದ ‘ಲಾಂಗ್ ರೈಫಲ್’ ತೋಟಾ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರು ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದದ್ದು ಈ ತೋಟಾದಿಂದಲೇ.

ಒಂದೇ ವರ್ಷ, ಎರಡು ಕಥೆ

1857 ಎಂಬ ವರ್ಷ ಓದುಗರ ಕಿವಿಗೆ ಬೇರೊಂದು ರೀತಿಯಲ್ಲಿ ಕೇಳಿಸಿರಬೇಕು. ಅಮೆರಿಕದಲ್ಲಿ ಈ ಚಿಕ್ಕ ತೋಟಾ ಹುಟ್ಟಿದ ವರ್ಷವೇ ನಮ್ಮಲ್ಲಿ ಕೊಬ್ಬು ಸವರಿದ ತೋಟಾದ ದೆಸೆಯಿಂದ ಸಿಪಾಯಿಗಳು ಸಿಡಿದೆದ್ದರು. ಅದರ ಬೆನ್ನಿಗೇ ಪ್ರಜೆಗಳು ಆಯುಧ ಇಟ್ಟುಕೊಳ್ಳಕೂಡದೆಂಬ ಶಾಸನ ಬಂದಿತು. ಇದೇ ಮುಧೋಳದ ಹಲಗಲಿಯ ಬೇಡರು ಅದನ್ನು ಒಪ್ಪಲಿಲ್ಲ. ಆಯುಧವೆಂದರೆ ಅವರಿಗೆ ಬರಿಯ ಸಾಧನವಲ್ಲ. ಬದುಕು, ಮರ್ಯಾದೆ ಎರಡೂ ಆಗಿತ್ತು. ಆ ವರ್ಷದ ನವೆಂಬರಿನಲ್ಲಿ ಆಂಗ್ಲರ ಸೈನ್ಯ ಬಂದು ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಲಾವಣಿಕಾರರ ಬಾಯಲ್ಲಿ ಹಲಗಲಿ ಇಂದಿಗೂ ಉರಿಯುತ್ತಿದೆ.

ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ ಕಥೆ ಬೇರೆಯಾಯಿತು. ಕೊಡವರಿಗೂ ಜಮ್ಮಾ ಭೂಮಿಯ ಒಡೆಯರಿಗೂ 1861ರಲ್ಲಿ ಸರಕಾರವು ಆಯುಧ ಶಾಸನದಿಂದ ವಿನಾಯಿತಿ ಕೊಟ್ಟಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವೇರಿಸಿ ಪೂಜಿಸುವ ಆ ಜನರ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಉಳಿದ ನಮಗೆಲ್ಲ ಬಂದೂಕೆಂದರೆ ಮೊದಲು ಕಾಗದ, ಆಮೇಲೆ ಕಬ್ಬಿಣ. ಚುನಾವಣೆ ಬಂದಾಗಲೆಲ್ಲ ಮಾವ ಬಂದೂಕನ್ನು ಹೆಗಲಿಗೇರಿಸಿ ಠಾಣೆಗೆ ಒಪ್ಪಿಸಿ, ರಸೀತಿ ತಂದು ದೇವರ ಗೂಡಿನಲ್ಲಿ ಇಡುತ್ತಿದ್ದರು. ಹಲಗಲಿಯ ಹಾಡನ್ನು ಕೇಳಿ ಬೆಳೆದವರಿಗೆ ಆ ರಸೀತಿ ಸಣ್ಣ ಕಾಗದವಾಗಿ ಕಾಣುವುದಿಲ್ಲ.

ಅಗ್ಗದ ವಸ್ತುವಿನ ಆಯುಷ್ಯ

ಇಂಗ್ಲೆಂಡ್, ಅಮೆರಿಕ ದೇಶಗಳಲ್ಲಿ ಇಂಥ ಹಳೆಯ ಚಿಕ್ಕ ಬಂದೂಕುಗಳನ್ನು ಕೂಡಿಸಿ ದುರಸ್ತು ಮಾಡುವುದು ಅನೇಕರ ಬಿಡುವಿನ ಹವ್ಯಾಸ. ಬೋಅರ್ ಯುದ್ಧದಲ್ಲಿ ತಮ್ಮವರ ಗುರಿ ಸಾಲದೆಂಬುದನ್ನು ಕಂಡ ಆಂಗ್ಲರು 1901ರಲ್ಲಿ ಕಿರುರೈಫಲ್ ಸಂಘಗಳ ಒಕ್ಕೂಟವನ್ನೇ ಕಟ್ಟಿದರು. ಕಾರ್ಮಿಕನೂ ಕೊಳ್ಳಬಹುದಾದ ಬಂದೂಕುಗಳು ಬಂದುವು. ಅಮೆರಿಕದಲ್ಲಿ ತಂದೆ ಮಗನಿಗೆ ಕೊಡಿಸುವ ಮೊದಲ ಬಂದೂಕು ಇದೇ ಆಗಿತ್ತು. ಇವು ಅದೆಷ್ಟು ಅಗ್ಗವೆಂದರೆ, 1968ರ ಕಾನೂನು ಬರುವವರೆಗೆ ಅಲ್ಲಿಯ ಅನೇಕ ತಯಾರಕರು ಇವುಗಳಿಗೆ ಸಂಖ್ಯೆಯನ್ನೇ ಒತ್ತುತ್ತಿರಲಿಲ್ಲ.

ಅಗ್ಗದ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ. ಅರಸರ ಬೆಳ್ಳಿಯ ಕುಸುರಿನ ಬಂದೂಕು ವಸ್ತುಸಂಗ್ರಹಾಲಯದ ಗಾಜಿನೊಳಗೆ ಸುಖವಾಗಿದೆ; ರೈತನ ಬಂದೂಕು ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಆದುದರಿಂದಲೇ ಅದನ್ನು ಉಳಿಸುವವನ ಶ್ರಮಕ್ಕೆ ಒಂದು ಅರ್ಥವಿದೆ.

ನಮ್ಮಲ್ಲಿ ಸಂಗ್ರಹವೆಂಬ ಮಾತು ಸಲ್ಲದು. 2019ರ ತಿದ್ದುಪಡಿಯ ಬಳಿಕ ಸಾಮಾನ್ಯ ಪರವಾನಗಿದಾರನು ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ದುರಸ್ತಿಯನ್ನೂ ಪರವಾನಗಿಯುಳ್ಳ ಕಸಬುದಾರನೇ ಮಾಡಬೇಕು. ಹೀಗಾಗಿ ನಮ್ಮ ಮಾವನದು ‘ಒಂದರ ಸಂಗ್ರಹ’.

ಕಸಬುದಾರನ ಅಂಗಡಿಯಲ್ಲಿ

ಪರವಾನಗಿಯ ಪುಸ್ತಕವನ್ನು ಮಾವ ಎದೆಯ ಜೇಬಿನಲ್ಲಿಟ್ಟುಕೊಂಡು, ಬಂದೂಕನ್ನು ತಾವೇ ಹಿಡಿದು, ನನ್ನೊಡನೆ ಬೆಳಗಾವಿಗೆ ಬಂದರು. ಕಸಬುದಾರ ಅರುವತ್ತು ದಾಟಿದವನು, ಮಿತಭಾಷಿ. ಮೊದಲು ತೋಟಾ ಇಲ್ಲವೆಂಬುದನ್ನು ನೋಡಿ, ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿ, “ಉಪ್ಪು ತಿಂದೈತಿ” ಎಂದನು.

ಅದು ಅಲಂಕಾರದ ಮಾತಲ್ಲ. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಸುಟ್ಟ ಮೇಲೆ ಅದು ಅಡಿಗೆಯ ಉಪ್ಪಿನ ದಾಯಾದಿಯಾದ ಒಂದು ಲವಣವಾಗಿ ನಳಿಗೆಯಲ್ಲಿ ಉಳಿದು, ಗಾಳಿಯ ತೇವವನ್ನು ಎಳೆದುಕೊಂಡು, ಉಕ್ಕನ್ನು ಕೊರೆಯುತ್ತಿತ್ತು. ಎಣ್ಣೆ ಅದನ್ನು ಕರಗಿಸಲಾರದು. ಕುದಿಯುವ ನೀರೇ ಬೇಕು. ಹಳೆಯ ಸಿಪಾಯಿಗಳು ನಳಿಗೆಗೆ ಬಿಸಿನೀರು ಹೊಯ್ದು, ಒರೆಸಿ, ಆಮೇಲೆ ಎಣ್ಣೆ ಸವರುತ್ತಿದ್ದುದು ಇದಕ್ಕಾಗಿಯೇ. ಇದರ ಮೇಲೆ ನಮ್ಮ ಕಂಬಳಿಯ ಉಪಕಾರ ಬೇರೆ! ಉಣ್ಣೆ, ತೊಗಲು ಎರಡೂ ತೇವವನ್ನು ಹಿಡಿದಿಡುತ್ತವೆ. ಪ್ರೀತಿಯಿಂದ ಬೆಚ್ಚಗೆ ಹೊದಿಸಿದ್ದೇ ಬಂದೂಕಿಗೆ ಮುಳುವಾಯಿತು.

“ಮ್ಯಾಲೆ ಯಾರು ತಿಕ್ಕ್ಯಾರ?” ಎಂದು ಆತ ಕೇಳಿದನು. ಮಾವ ತಲೆತಗ್ಗಿಸಿದರು. ಇಪ್ಪತ್ತು ವರ್ಷಗಳ ಹಿಂದೆ ಒಂದು ಆಯುಧಪೂಜೆಯ ದಿನ, ತುಕ್ಕು ಹೋಗಿ ಫಳಫಳನೆ ಹೊಳೆಯಲೆಂದು ಅವರು ಮರಳುಕಾಗದದಿಂದ ಉಜ್ಜಿದ್ದರು. ತುಕ್ಕಿನೊಡನೆ ಕರಿನೀಲಿಯ ಬಣ್ಣವೂ ಸಂಖ್ಯೆಯ ಎರಡು ಅಂಕಿಗಳೂ ಸವೆದುಹೋಗಿದ್ದುವು.

ಕಸಬುದಾರ ಉತ್ತರ ಹೇಳದೆ ಮರದ ಹಿಡಿಯ ತಿರುಪನ್ನು ಸಡಿಲಿಸಿ, ಕಬ್ಬಿಣವನ್ನು ಮರದಿಂದ ಬೇರ್ಪಡಿಸಿದನು. ನಳಿಗೆಯ ತಳಭಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ನೆನೆಸಿ, ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಒರೆಸಿ, ದೀಪವನ್ನು ಓರೆಯಾಗಿ ಹಿಡಿದನು. ಮರ ಮುಚ್ಚಿಕೊಂಡಿದ್ದ, ಮರಳುಕಾಗದ ತಲುಪದ ಆ ಎಡೆಯಲ್ಲಿ ಕಿರೀಟದ ಗುರುತು ಕಂಡಿತು: 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಶಾಲೆಯ ಮುದ್ರೆ. ಅದರ ಕೆಳಗೆ ಐದು ಅಂಕಿಗಳು, ಐದೂ ಸ್ಪಷ್ಟ. ಮಾವ ಪುಸ್ತಕವನ್ನು ತೆರೆದು ಒಂದೊಂದನ್ನೇ ಬೆರಳಿಟ್ಟು ಓದಿದರು. ಕೊನೆಯ ಅಂಕಿಗೆ ಬಂದಾಗ ಅವರ ಬೆರಳು ನಡುಗುತ್ತಿತ್ತು.

ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಆಮೇಲಿನ ಕೆಲಸ ಎರಡು ವಾರ ಹಿಡಿಯಿತು. ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಅತಿ ನಯವಾದ ಉಕ್ಕಿನ ನಾರಿನಿಂದ ತೆಗೆದದ್ದಾಯಿತು. ನಳಿಗೆಯನ್ನು ಹಿಂಬದಿಯಿಂದಲೇ ಶುದ್ಧಿಮಾಡಬೇಕಂತೆ. ಮುಂದಿನಿಂದ ಸಲಾಕೆ ತೂರಿಸಿದರೆ ಬಾಯಂಚು ಸವೆದು ಗುಂಡು ದಿಕ್ಕು ತಪ್ಪುತ್ತದೆ. ಸೀಸದ ಗುಂಡು ಉಕ್ಕನ್ನು ಸವೆಸುವುದಕ್ಕಿಂತ ಅವಿವೇಕದ ಸಲಾಕೆ ಹೆಚ್ಚು ಸವೆಸುತ್ತದೆ ಎಂದು ಕಸಬುದಾರನ ಅನುಭವ. ಅಕ್ರೋಟ ಮರದ ಹಿಡಿಯ ತಗ್ಗುಗಳ ಮೇಲೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿಯ ಬಿಸಿ ಸೋಕಿಸಿದಾಗ, ಜಜ್ಜಿದ ನಾರು ಉಬ್ಬಿ ಮೇಲೆದ್ದಿತು. ಮೆರುಗೆಣ್ಣೆ ಬೇಡವೆಂದು ನಮ್ಮ ಬಯಲುಸೀಮೆಯ ಅಗಸೆಎಣ್ಣೆಯನ್ನೇ ಅಂಗೈಯಿಂದ ತಿಕ್ಕಿದನು.

ಬಣ್ಣದ ವಿಷಯವಂತೂ ಬಲು ಸ್ವಾರಸ್ಯವಾದುದು. ಹಳೆಯ ಪದ್ಧತಿಯಲ್ಲಿ ಕಬ್ಬಿಣವನ್ನು ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಅದ್ದುತ್ತಾರೆ. ಕೆಂಪು ತುಕ್ಕು ಕಪ್ಪಾಗುತ್ತದೆ. ಉದುರುವ ಪುಡಿಯನ್ನು ಒರೆಸಿ, ಮತ್ತೆ ತುಕ್ಕು ಹಿಡಿಸಿ, ಮತ್ತೆ ಕುದಿಸಿ, ಹೀಗೆ ಹಲವು ಸಲ ಮಾಡಿದರೆ ಆ ಕರಿನೀಲಿ ಪದರವೇ ಮುಂದಿನ ತುಕ್ಕನ್ನು ತಡೆಯುವ ಕವಚವಾಗುತ್ತದೆ. ಆದರೆ ನಮ್ಮ ಬಂದೂಕಿಗೆ ಆತ ಅದನ್ನು ಮಾಡಲೊಪ್ಪಲಿಲ್ಲ. ಬಣ್ಣಕ್ಕೆ ಮೊದಲು ಮೈಯನ್ನು ನಯಗೊಳಿಸಬೇಕು. ನಯಗೊಳಿಸಿದರೆ ಉಳಿದ ಮೂರು ಅಂಕಿಗಳೂ ಹೋಗುತ್ತವೆ. “ಹೊಸಾದು ಬೇಕಂದ್ರ ಹೊಸಾದು ತಗೋರಿ. ಇದು ಇದ್ದಂಗ ಇರಲಿ” ಎಂದನು.

ಕೇಳಿ ನನಗೆ ನಾಚಿಕೆಯೂ ಸಂತೋಷವೂ ಒಟ್ಟಿಗೆ ಆದುವು. ಓಲೆಗರಿಯ ಗ್ರಂಥವನ್ನು ಸಂಪಾದಿಸುವವನಿಗೆ ನಾವು ತರಗತಿಯಲ್ಲಿ ಹೇಳುವ ಮೊದಲ ಪಾಠವೂ ಇದೇ ಅಲ್ಲವೆ? ಹುಳು ತಿಂದ ಅಕ್ಷರವನ್ನು ಅಂದಗಾಣಿಸುವುದು ಸಂಪಾದನೆಯಲ್ಲ. ಉಳಿದುದನ್ನು ಉಳಿಸುವುದು ಸಂಪಾದನೆ. ಧೂಳನ್ನು ಒರೆಸಬೇಕು, ಗುರುತನ್ನು ಒರೆಸಬಾರದು. ಈ ಗೆರೆಯನ್ನು ತಿಳಿದವನೇ ಕಸಬುದಾರ.

ಮನೆಯಲ್ಲಿ ಇಂಥದೊಂದು ಹಿರಿಯರ ಬಂದೂಕು ಇರುವವರಿಗೆ ಎರಡು ಮಾತು ಹೇಳುವುದು ಅನುಚಿತವಾಗಲಾರದು. ಪರವಾನಗಿದಾರರು ತೀರಿಕೊಂಡರೆ ಅದನ್ನು ಬಚ್ಚಿಡದೆ, ಕೂಡಲೇ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಿ ರಸೀತಿ ಪಡೆಯಬೇಕು. ಬಳಿಕ ವಾರಸುದಾರರು ಅರ್ಜಿ ಹಾಕಿಕೊಳ್ಳಬಹುದು. ಸಂಕೋಚದಿಂದ ಮುಚ್ಚಿಟ್ಟ ಬಂದೂಕು ನಿರಪರಾಧಿಗಳನ್ನು ಅಪರಾಧಿಗಳನ್ನಾಗಿ ಮಾಡುತ್ತದೆ. ಹಬ್ಬಕ್ಕೆಂದು ಮರಳುಕಾಗದ ಹಿಡಿದು ಕೂಡುವುದಂತೂ ಬೇಡವೇ ಬೇಡ.

ನಮ್ಮ ಮಾವನ ಅರ್ಜಿ ಈಗ ಮುಂದುವರಿದಿದೆ, ಸಂಖ್ಯೆ ತಾಳೆಯಾಗಿದೆ. ನಳಿಗೆ ಉಪ್ಪು ತಿಂದುದರಿಂದ ಆ ಬಂದೂಕು ಇನ್ನು ಗುರಿಗೆ ಒದಗಲಾರದು. ಮೊಲ, ಕೌಜುಗಗಳ ಹಿಂದೆ ಅಜ್ಜ ಅಲೆದ ಕಾಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಮುಗಿಯಿತು. “ಹಂಗಾದ್ರ ಯಾಕ ಇಟಗೋಬೇಕು?” ಎಂದು ಕಿರಿಯ ಮಗ ಕೇಳಿದನಂತೆ. ಮಾವ ಹಿಡಿಯ ಮೇಲೆ ಅಜ್ಜನ ಕೆನ್ನೆ ತಾಗಿ ತಾಗಿ ನುಣುಪಾದ ಒಂದು ಎಡೆಯನ್ನು ತೋರಿಸಿ, ಅಲ್ಲಿ ಕೆನ್ನೆಯಿಟ್ಟು ನೋಡೆಂದರಂತೆ. ಅವನು ಮತ್ತೆ ಕೇಳಲಿಲ್ಲ.

ಬಂದೂಕು ಈಗ ಒಣಗಿದ ಕಬ್ಬಿಣದ ಕಪಾಟಿನಲ್ಲಿ, ಬೀಗದೊಳಗೆ, ಎಣ್ಣೆಯ ತೆಳುಲೇಪ ಬಳಿದುಕೊಂಡು ನಿಂತಿದೆ. ಕಂಬಳಿ ಅತ್ತೆಯ ಪಾಲಾಯಿತು. ಎಪ್ಪತ್ತು ವರ್ಷ ಬಂದೂಕಿಗೆ ಹೊದಿಸಿದ್ದು ತಮಗೆ ಈಗ ದಕ್ಕಿತೆಂದು ಅವರಿಗೆ ಪರಮ ಸಂತೋಷ.